ನೋವಿನ ಡಾಕ್ಟರ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರೆ ಏನು ಮಾಡಬೇಕು?

ಮೂರು ತಿಂಗಳು ದಾಟಿದರೂ ಹೋಗದ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಅಂಥ ಬೆನ್ನುನೋವಿಗೆ ಆಪರೇಷನ್ ಮಾಡುವ ಮೊದಲು, ಅಥವಾ ಬೆನ್ನುಹುರಿಗೆ ಸ್ಟಿಮ್ಯುಲೇಟರ್ (ಸಣ್ಣ ವಿದ್ಯುತ್ ಮಿಡಿತದಿಂದ ನೋವು ತಗ್ಗಿಸುವ ಸಾಧನ) ಕೂರಿಸುವ ಮೊದಲು, ಸೈಕಾಲಜಿಸ್ಟ್ ನೋಡಿ ಬನ್ನಿ ಅಂದರೆ ಎಷ್ಟೋ ಜನಕ್ಕೆ ಸಿಟ್ಟು ನೆತ್ತಿಗೇರುತ್ತದೆ. ನಾನೇನು ನಾಟಕ ಆಡ್ತಿದೀನಾ ಅಂತ. ಸಿಟ್ಟು ಬದಿಗಿಟ್ಟು ಹೋಗಿ, ಆದರೆ ತಿಳಿದುಕೊಂಡು ಹೋಗಿ.

ಯಾವ ಪರೀಕ್ಷೆ ಅಂತ ಮೊದಲೇ ಕೇಳಿ. ವ್ಯಕ್ತಿತ್ವ, ಮನಸ್ಥಿತಿ ಅಳೆಯುವ ಎಂಎಂಪಿಐ-2 ಆದರೆ 567 ಹೇಳಿಕೆಗಳು, ಒಂದೊಂದಕ್ಕೂ ಸರಿ ಇಲ್ಲವೇ ತಪ್ಪು ಅಂತ ಗುರುತು ಹಾಕಬೇಕು, ಮುಗಿಯಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಹಾಗಾಗಿ ನೋವು ಕಮ್ಮಿ ಇರುವ ಹೊತ್ತು ಆರಿಸಿಕೊಳ್ಳಿ, ನಡುವೆ ಎದ್ದು ಓಡಾಡಬಹುದಾ ಅಂತಲೂ ಕೇಳಿ. ಒಳ್ಳೆಯವರಾಗಿ ಕಾಣಲು ಉತ್ತರ ತಿದ್ದಬೇಡಿ. ನಂಬಲಿ ಅಂತ ಉಪ್ಪುಖಾರ ಹಚ್ಚಲೂಬೇಡಿ. ಎರಡನ್ನೂ ಹಿಡಿಯುವ ಸ್ಕೇಲುಗಳು, ಅಂದರೆ ಒಂದೊಂದು ಗುಂಪಿನ ಹೇಳಿಕೆಗಳಿಗೆ ಅಂಕ ಕೊಡುವ ಅಳತೆಗಳು, ಅದರೊಳಗೇ ಇವೆ.

ರಿಪೋರ್ಟಿನಲ್ಲಿ ಹೈಪೊಕಾಂಡ್ರಿಯಾಸಿಸ್ (ಕಾಯಿಲೆಯ ಬಗ್ಗೆ ಅತಿ ಚಿಂತೆ), ಹಿಸ್ಟೀರಿಯಾ (ಮನಸ್ಸಿನ ಒತ್ತಡ ಮೈಯಲ್ಲಿ ಕಾಣಿಸಿಕೊಳ್ಳುವುದು) ಅಂತೆಲ್ಲ ಕಂಡರೆ ಗಾಬರಿಯಾಗಬೇಡಿ. ಸ್ಕೇಲುಗಳಿಗಿಟ್ಟ 1940ರ ದಶಕದ ಹೆಸರುಗಳು ಅವು, ಯಾಕೆ ಇನ್ನೂ ಇಟ್ಟುಕೊಂಡಿದ್ದಾರೋ! ನೋವಿರುವವರಲ್ಲಿ ಈ ಅಂಕಗಳು ಏರಿರುವುದು ಮಾಮೂಲಿ, ಯಾಕಂದರೆ ಆ ಸ್ಕೇಲುಗಳ ಎಷ್ಟೋ ಹೇಳಿಕೆಗಳು ಮೈ ನೋವು, ಸುಸ್ತು, ನಿದ್ದೆ ಬಗ್ಗೆಯೇ ಇವೆ. ಮೈ ನೋಯುತ್ತಿರುವವರು ಮತ್ತೇನು ಉತ್ತರ ಕೊಡಬೇಕು, ಅಲ್ವಾ? ನೋವು ಇಳಿದಾಗ ಈ ಅಂಕಗಳೂ ಎಷ್ಟೋ ಸಲ ಇಳಿಯುತ್ತವೆ. ಅಂದರೆ ಇದು ಹುಟ್ಟುಗುಣದ ಜಾತಕ ಅಲ್ಲ.

ಹಾಗಂತ ರಿಪೋರ್ಟನ್ನು ಸುಮ್ನೆ ಬಿಸಾಡಬೇಡಿ. ಚಿಕಿತ್ಸೆ ಇಲ್ಲದೆ ಉಳಿದ ಖಿನ್ನತೆ, 'ಇದು ಯಾವತ್ತೂ ಹೋಗಲ್ಲ' ಅನ್ನೋ ಯೋಚನೆ, ಅಲುಗಾಡಿದರೆ ಏನಾಗಿಬಿಡುತ್ತೋ ಅನ್ನೋ ಭಯ, ಇವಿದ್ದವರಿಗೆ ಆಪರೇಷನ್ನಿನಿಂದಲೂ ಸರಾಸರಿ ಲಾಭ ಕಮ್ಮಿ. ಒಬ್ಬೊಬ್ಬರ ವಿಷಯದಲ್ಲಿ ಖಚಿತವಾಗಿ ಹೇಳಲಾಗದು. 'ಯಾವತ್ತೂ ಹೋಗಲ್ಲ' ಅನ್ನೋ ಆ ಯೋಚನೆಯನ್ನು ಅಳೆಯಲು 13 ಪ್ರಶ್ನೆಗಳ ಬೇರೆ ಪಟ್ಟಿಯೇ ಇದೆ. 52ಕ್ಕೆ 30 ದಾಟಿದರೆ ಗಮನ ಕೊಡಬೇಕು ಅನ್ನುತ್ತಾರೆ. ನನಗೆ ಕೇಳಿದರೆ ಇದೇ ಜಾಸ್ತಿ ಉಪಯೋಗದ ಅಂಕ, ಯಾಕಂದರೆ ಇದನ್ನು ಬದಲಿಸಬಹುದು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಮಾತಿನ ಮೂಲಕ ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ) ಇರುವುದು ಇಂಥದ್ದಕ್ಕೇ. ಭಯವೇ ಜಾಸ್ತಿ ಇದ್ದರೆ, ಸ್ವಲ್ಪ ಸ್ವಲ್ಪವೇ ಚಲನೆ ಹೆಚ್ಚಿಸುವ ಫಿಸಿಯೋಥೆರಪಿ ಕೇಳಿ. ಮನೆಯವರು ನಂಬುತ್ತಿಲ್ಲ ಅನ್ನುವುದೇ ದೊಡ್ಡ ತೊಂದರೆಯಾದರೆ ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಅವತ್ತೇ ಹೇಳಿ, ರಿಪೋರ್ಟಿಗೆ ಕಾಯಬೇಡಿ.

ಕೊನೆಗೆ ಡಾಕ್ಟರ್ ಎದುರು ನೇರವಾಗಿ ಕೇಳಿ: 'ಇದರಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಯಾವುದು ಮೊದಲು, ಯಾವುದು ಆಮೇಲೆ?' ಉತ್ತರ ಕೊಡದೆ, ಎಲ್ಲಾ ನಿಮ್ಮ ಮನಸ್ಸಿನಲ್ಲೇ ಇದೆ ಅಂತ ಫೈಲು ಮುಚ್ಚಿದರೆ ಇನ್ನೊಬ್ಬ ಡಾಕ್ಟರನ್ನು ನೋಡಿ.