ಡಖಾವ್‌ಗೆ ನಾನು ಎರಡು ಸಲ ಹೋದೆ

ಮ್ಯೂನಿಕ್‌ಗೆ ಓದಲು ಬಂದ ಮೊದಲ ಚಳಿಗಾಲ. ಡಖಾವ್‌ನ ನಾಜಿ ಯಾತನಾ ಶಿಬಿರ ನೋಡೋಣ ಅಂತ ನಾಲ್ವರು ಗೆಳತಿಯರು ಹೊರಟೆವು. ಬೆಳಗ್ಗೆ ಶಿಬಿರ, ಮಧ್ಯಾಹ್ನ ಅರಮನೆ, ಸಂಜೆ ಕ್ರಿಸ್‌ಮಸ್ ಸಂತೆ. ದಯವಿಟ್ಟು ಯಾರೂ ಹೀಗೆ ಪ್ಲಾನ್ ಮಾಡಬೇಡಿ.

ನಾವು ನೇರ ಮೈದಾನಕ್ಕೆ ಹೋದೆವು. ಎತ್ತ ನೋಡಿದರೂ ಜಲ್ಲಿಕಲ್ಲು. ಒಂದು ಕಾಲಕ್ಕೆ 34 ಬ್ಯಾರಕ್‌ಗಳಿದ್ದ ಜಾಗ ಅದು. ಈಗ ಇರುವುದು ಹೊಸದಾಗಿ ಕಟ್ಟಿದ ಎರಡೇ. ಉಳಿದ ಕಡೆ ಬರೀ ಅಡಿಪಾಯದ ಗುರುತು. "ಇಲ್ಲೇನೂ ಇಲ್ವಲ್ಲೇ" ಅಂದಳು ಒಬ್ಬಳು. ನನಗೂ ಹಾಗೇ ಅನ್ನಿಸಿತು. ಒಂದು ಗಂಟೆಯಲ್ಲಿ ಹೊರಗೆ ಬಂದೆವು. ವಾಪಸ್ ರೈಲಿನಲ್ಲಿ ಫೋಟೋ ನೋಡುವಾಗ ಮನಸ್ಸಿಗೆ ಚುಚ್ಚಿತು. ಕಡಿಮೆಯೆಂದರೂ 41,500 ಜನ ಸತ್ತ ಜಾಗಕ್ಕೆ ಸುಮ್ನೆ ಹೋಗಿ ಬಂದಿದ್ದೆ.

ಫೆಬ್ರವರಿಯಲ್ಲಿ ಒಬ್ಬಳೇ ಮತ್ತೆ ಹೋದೆ. ದಾರಿ ಸುಲಭ. ಮುಖ್ಯ ರೈಲು ನಿಲ್ದಾಣದಿಂದ ಎಸ್2 ರೈಲು, ಡಖಾವ್‌ನಲ್ಲಿ ಇಳಿದು 726 ನಂಬರ್ ಬಸ್. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಇದ್ದರೆ ಅದೇ ಸಾಕು. ಪ್ರವೇಶಕ್ಕೆ ದುಡ್ಡಿಲ್ಲ. ಬಹುಪಾಲು ನಡೆದಾಟ ಬಯಲಲ್ಲೇ, ಬೆಚ್ಚಗಿನ ಬಟ್ಟೆ ಬೇಕೇ ಬೇಕು.

ಒಳಗೆ ಹೋಗುವ ಕಬ್ಬಿಣದ ಗೇಟಿನ ಮೇಲೆ ಜರ್ಮನ್‌ನಲ್ಲಿ ಬರೆದಿದೆ: ದುಡಿಮೆ ಬಿಡುಗಡೆ ಕೊಡುತ್ತದೆ. 'ಕಾಯಕವೇ ಕೈಲಾಸ' ಕೇಳಿಕೊಂಡು ಬೆಳೆದವಳು ನಾನು. ದುಡಿಮೆಯ ಬಗ್ಗೆ ಇಷ್ಟು ದೊಡ್ಡ ಸುಳ್ಳನ್ನು ನಾನು ಬೇರೆಲ್ಲೂ ಓದಿಲ್ಲ. ಈಗ ಅಲ್ಲಿರುವುದು ನಕಲು ಗೇಟು. 2014ರಲ್ಲಿ ಕಳುವಾದ ಹಳೆಯದು ಎರಡು ವರ್ಷದ ನಂತರ ನಾರ್ವೆಯಲ್ಲಿ ಸಿಕ್ಕಿತು. ಅದನ್ನು ಮ್ಯೂಸಿಯಂ ಒಳಗೆ ಇಟ್ಟಿದ್ದಾರೆ.

ಈ ಸಲ ಮೊದಲು ಮ್ಯೂಸಿಯಂ. ಅದಕ್ಕೇ ಮೂರು ಗಂಟೆ ಹಿಡಿಯಿತು. ಶಿಬಿರ ಶುರುವಾದದ್ದು 1933ರ ಮಾರ್ಚ್ 22ರಂದು. ಹಿಟ್ಲರ್ ಅಧಿಕಾರಕ್ಕೆ ಬಂದು ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಮೊದಲು ತಂದು ಕೂಡಿಹಾಕಿದ್ದು ಅವನ ರಾಜಕೀಯ ವಿರೋಧಿಗಳನ್ನು. ಆಮೇಲೆ ಯಹೂದಿಗಳು, ರೋಮಾ ಅನ್ನುವ ಅಲ್ಪಸಂಖ್ಯಾತ ಸಮುದಾಯದ ಜನ, ಸಲಿಂಗಿಗಳು, ಪೋಲೆಂಡಿನ ಪಾದ್ರಿಗಳು. 12 ವರ್ಷಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಜನ. 1945ರ ಏಪ್ರಿಲ್ 29ರಂದು ಅಮೆರಿಕದ ಸೈನ್ಯ ಬರುವವರೆಗೂ ಇದು ನಡೆಯಿತು.

ಇದನ್ನೆಲ್ಲ ಓದಿ ಮತ್ತೆ ಮೈದಾನಕ್ಕೆ ಕಾಲಿಟ್ಟೆ. ಅದೇ ಜಲ್ಲಿ, ಅದೇ ಗಾಳಿ. ಆದರೆ ಬೆಳಗ್ಗೆ ಸಂಜೆ ಹಾಜರಿಗೆ ಜನರನ್ನು ನಿಲ್ಲಿಸುತ್ತಿದ್ದ ಜಾಗ ಅದು ಅಂತ ಈಗ ಗೊತ್ತಿತ್ತು. 200 ಜನಕ್ಕೆ ಅಂತ ಕಟ್ಟಿದ ಒಂದೊಂದು ಬ್ಯಾರಕ್‌ನಲ್ಲಿ ಕೊನೆಕೊನೆಗೆ 2,000 ಜನರವರೆಗೆ ತುಂಬಿದ್ದರು. ಅಡಿಪಾಯದ ಒಂದು ಗುರುತಿನ ಉದ್ದಕ್ಕೆ ಆ ತುದಿಯಿಂದ ಈ ತುದಿಗೆ ನಡೆದೆ. ಅಷ್ಟರೊಳಗೆ 2,000 ಜನ ಹೇಗೆ ಮಲಗಿದರು? ಏನೂ ಇಲ್ಲ ಅಂದುಕೊಂಡಿದ್ದ ಜಾಗದಲ್ಲಿ ಮುಂದೆ ಹೆಜ್ಜೆ ಇಡಲು ಆಗಲಿಲ್ಲ.

ಕೊನೆಗೆ ಹೆಣ ಸುಡುತ್ತಿದ್ದ ಕಟ್ಟಡಕ್ಕೆ ಹೋದೆ. ಒಲೆಗಳು ಹಾಗೇ ಇವೆ. ಫೋಟೋ ತೆಗೆಯಲು ಕೈ ಬರಲಿಲ್ಲ. ಅಲ್ಲಿ ಒಂದು ಫಲಕದಲ್ಲಿ ನಾಲ್ಕು ಹೆಣ್ಣುಮಕ್ಕಳ ಹೆಸರಿದೆ. ಅದರಲ್ಲಿ ಒಂದು ನೂರ್ ಇನಾಯತ್ ಖಾನ್. ಬರೋಡಾದ ಸೂಫಿ ಸಂಗೀತಗಾರ ಇನಾಯತ್ ಖಾನರ ಮಗಳು. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶ ಅಂತ ಅವರ ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ. ನಾಜಿಗಳ ಹಿಡಿತದಲ್ಲಿದ್ದ ಪ್ಯಾರಿಸ್‌ನಿಂದ ಬ್ರಿಟನ್‌ಗೆ ಗುಟ್ಟಾಗಿ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದವರು. 1944ರ ಸೆಪ್ಟೆಂಬರ್ 13ರಂದು ಉಳಿದ ಮೂವರ ಜೊತೆ ಇಲ್ಲೇ ಕೊಂದರು. ಆಗ ಅವರಿಗೆ 30 ವರ್ಷ.

ನಾನು ಮೈಸೂರಿನವಳು. ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಈ ಹೆಸರನ್ನು ಅಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಫಲಕದ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಸಂಜೆ 5ಕ್ಕೆ ಬಾಗಿಲು ಹಾಕುತ್ತಾರೆ. ಬಸ್ಸಿನಲ್ಲಿ ಶಾಲೆ ಮಕ್ಕಳ ಒಂದು ಗುಂಪಿತ್ತು. ಸ್ಟೇಷನ್ ಬರುವವರೆಗೂ ಅವರಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.