ಸಾಲವನ್ನು ಸಮಪಾಲು ಮಾಡಬೇಡಿ: ಮಹಿಳಾ ಸಂಘ ಕಟ್ಟಿ ಬ್ಯಾಂಕಿನವರೆಗೆ ಒಯ್ಯುವ ಬಗೆ

ಹದಿನೈದು ಜನರ ಸಂಘಕ್ಕೆ ಬ್ಯಾಂಕಿನಿಂದ 1.5 ಲಕ್ಷ ರೂಪಾಯಿ ಬಂತು ಎನ್ನಿ. ಅವತ್ತೇ ಸಂಜೆ ತಲೆಗೆ 10,000 ಹಂಚಿಕೊಂಡರೆ ಜಗಳವಿಲ್ಲ, ಉಪಯೋಗವೂ ಇಲ್ಲ. ಹತ್ತು ಸಾವಿರಕ್ಕೆ ಹಸು ಬರುವುದಿಲ್ಲ, ಅಂಗಡಿಗೆ ಸರಕು ತುಂಬುವುದಿಲ್ಲ. ಹಳೆಯ ಕೈಸಾಲಕ್ಕೋ ಚೀಟಿ ಕಂತಿಗೋ ಅದು ಕರಗಿಹೋಗುತ್ತದೆ, ಕಂತು ಮಾತ್ರ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಆದರೂ ಸಂಘ ಸೇರಿ ಹತ್ತು ವರ್ಷವಾದರೂ ಕೂಲಿಯಲ್ಲೇ ಉಳಿದವರಿದ್ದಾರೆ. ಅದಕ್ಕೆ ಒಂದು ದೊಡ್ಡ ಕಾರಣ ಈ ಸಮಪಾಲು. ಈ ಬರಹದ ಅರ್ಧ ಭಾಗ ಅದನ್ನು ತಪ್ಪಿಸುವುದು ಹೇಗೆ ಎಂಬುದರ ಬಗ್ಗೆಯೇ.

ಸಂಘದ ಈ ಸ್ವರೂಪಕ್ಕೆ ಕರ್ನಾಟಕದಲ್ಲೇ ಬೇರಿದೆ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ಸಹಕಾರ ಸಂಘಗಳು ಸೊರಗಿದಾಗ, ಪರಸ್ಪರ ನಂಬಿಕೆಯಿದ್ದ ಸಣ್ಣ ಗುಂಪುಗಳು ತಮ್ಮದೇ ದುಡ್ಡು ಕೂಡಿಸಿ ತಾವೇ ಸಾಲ ಕೊಟ್ಟುಕೊಳ್ಳತೊಡಗಿದವು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಶುರುವಾಯಿತು. ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರ ಮೂಲಕ. ಈಗ ಗ್ರಾಮೀಣ ಭಾಗದಲ್ಲಿ ಸಂಜೀವಿನಿ ಹೆಸರಿನಲ್ಲಿ ನಡೆಯುತ್ತಿರುವುದು ಕೇಂದ್ರದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ. ಕೆಳಗಿನ ಬ್ಯಾಂಕ್ ನಿಯಮಗಳು ಈ ಅಭಿಯಾನದಡಿ ಬರುವ ಸಂಘಗಳಿಗೆ ಅನ್ವಯಿಸುತ್ತವೆ.

ಯಾರನ್ನು ಸೇರಿಸಬೇಕು

10ರಿಂದ 20 ಜನ ಇರಬೇಕು, 12ರಿಂದ 15 ಇದ್ದರೆ ಚೆನ್ನ. ಅಂಗವಿಕಲರ ಸಂಘವಾದರೆ, ಇಲ್ಲವೇ ಗುಡ್ಡಗಾಡಿನಂಥ ಕಡೆ, 5 ಜನ ಸಾಕು. ಒಂದು ಮನೆಯಿಂದ ಒಬ್ಬರೇ, ಒಬ್ಬರಿಗೆ ಒಂದೇ ಸಂಘ. 20ರೊಳಗಿನ ಸಂಘಕ್ಕೆ ನೋಂದಣಿ ಬೇಕಿಲ್ಲ. ನೋಂದಣಿಯಿಲ್ಲದಿದ್ದರೂ ಬ್ಯಾಂಕು ಖಾತೆ ತೆರೆಯುತ್ತದೆ, ಸಾಲವನ್ನೂ ಕೊಡುತ್ತದೆ. ನೋಂದಣಿ ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರಿಗೆ ಕೊಡಬೇಡಿ.

ಸಂಘ ಕಟ್ಟುವಾಗ ಮೊದಲು ಬಿಟ್ಟುಹೋಗುವವರು ಯಾರೆಂದರೆ ವಾರದ ಉಳಿತಾಯ ಕಟ್ಟಲಾರಳು ಎಂದು ಬೇರೆಯವರು ತೀರ್ಮಾನಿಸಿದ ಹೆಂಗಸರು: ಒಂಟಿಯಾಗಿ ಮಕ್ಕಳನ್ನು ಸಾಕುವವಳು, ವಿಧವೆ, ದೇವದಾಸಿ ಕುಟುಂಬದವಳು, ವರ್ಷದ ಅರ್ಧ ಕಬ್ಬು ಕಡಿಯಲು ಗುಳೆ ಹೋಗುವವಳು. ಇದನ್ನು ತಪ್ಪಿಸಲು ಉಳಿತಾಯದ ಮೊತ್ತವನ್ನು ಅತಿ ಬಡವಳ ಕೈಗೆಟುಕುವಷ್ಟಕ್ಕೇ ನಿಗದಿ ಮಾಡಿ. ವಾರಕ್ಕೆ 100 ಕಟ್ಟಬಲ್ಲ ಹತ್ತು ಮಂದಿಗಾಗಿ 50 ಮಾತ್ರ ಕಟ್ಟಬಲ್ಲ ಐವರನ್ನು ಹೊರಗಿಡಬೇಡಿ. ಗುಳೆ ಹೋಗುವವಳು ಆ ತಿಂಗಳುಗಳ ಉಳಿತಾಯವನ್ನು ಮುಂಗಡವಾಗಿ ಕಟ್ಟಬಹುದು ಅಥವಾ ಬಂದಮೇಲೆ ದಂಡವಿಲ್ಲದೆ ತುಂಬಬಹುದು ಎಂದು ಮೊದಲ ಸಭೆಯಲ್ಲೇ ನಿರ್ಣಯ ಬರೆದಿಡಿ. ಆಮೇಲೆ ಬರೆಯಹೊರಟರೆ ಅದು ಒಬ್ಬಳಿಗಾಗಿ ಮಾಡಿದ ರಿಯಾಯಿತಿಯಂತೆ ಕಾಣುತ್ತದೆ, ಮುನಿಸು ಹುಟ್ಟುತ್ತದೆ.

ಗೃಹಲಕ್ಷ್ಮಿಯ 2,000 ರೂಪಾಯಿಯಿಂದ ಉಳಿತಾಯ ಕಟ್ಟುವವರು ಬಹಳ. ತಪ್ಪೇನಿಲ್ಲ. ಆದರೆ ಆ ದುಡ್ಡು ಖಾತೆಗೆ ಬೀಳುವ ದಿನ ಹಿಂದೆ ಮುಂದೆ ಆಗುತ್ತಿರುತ್ತದೆ, ಸಭೆಯ ದಿನವನ್ನು ಅದಕ್ಕೆ ಕಟ್ಟಿಹಾಕಬೇಡಿ.

ಮೊದಲ ಆರು ತಿಂಗಳು

ಪಂಚಸೂತ್ರ ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ತಪ್ಪದ ಒಳಸಾಲ (ಕೂಡಿಟ್ಟ ಹಣದಿಂದ ಸದಸ್ಯರಿಗೇ ಕೊಡುವ ಸಾಲ), ತಪ್ಪದ ಮರುಪಾವತಿ, ಅಂದಂದಿನ ಲೆಕ್ಕ. ಇದರಲ್ಲಿ ಹೆಚ್ಚು ಕಡೆಗಣಿಸಲ್ಪಡುವುದು ಮೂರನೆಯದು. ಉಳಿತಾಯ ಖಾತೆಯಲ್ಲಿ ಹಣ ಸುಮ್ಮನೆ ಕೊಳೆಯುತ್ತಿದ್ದರೆ ಬ್ಯಾಂಕಿನವರು ಮೆಚ್ಚುತ್ತಾರೆ ಎಂದು ಹಲವರ ನಂಬಿಕೆ. ನಿಜ ತಿರುಗುಮುರುಗು. ಸಂಘವನ್ನು ಅಳೆಯುವಾಗ ಹಣ ಸದಸ್ಯರ ನಡುವೆ ಎಷ್ಟು ಓಡಾಡಿದೆ, ಎಷ್ಟು ವಾಪಸಾಗಿದೆ ಎಂಬುದನ್ನೇ ನೋಡುತ್ತಾರೆ. ಎರಡನೇ ತಿಂಗಳಿಂದಲೇ 500, 1,000ದ ಸಣ್ಣ ಒಳಸಾಲ ಶುರುಮಾಡಿ. ಔಷಧಿಗೋ ಶಾಲೆಯ ಪುಸ್ತಕಕ್ಕೋ ಆದರೂ ಸರಿ. ಸಾಲ ಕೊಡುವುದಕ್ಕಿಂತ ಹೆಚ್ಚಾಗಿ, ಎದುರಿಗೆ ಕೂತವಳಿಂದ ಮುಲಾಜಿಲ್ಲದೆ ಕಂತು ಕೇಳುವುದನ್ನು ಸಂಘ ಕಲಿಯಬೇಕಾಗಿರುತ್ತದೆ.

ಸಭೆಯ ಕ್ರಮ ಬದಲಿಸಬೇಡಿ. ಹಾಜರಾತಿ, ಹಿಂದಿನ ನಡಾವಳಿಯ ಓದು, ಉಳಿತಾಯ, ಕಂತು ವಸೂಲಿ, ಸುಸ್ತಿದಾರರ ಮಾತು, ಕೊನೆಗೆ ಹೊಸ ಸಾಲದ ಬೇಡಿಕೆ. ಹೊಸ ಸಾಲವನ್ನು ಮೊದಲೇ ಎತ್ತಿಕೊಂಡರೆ ಕಂತು ಕಟ್ಟದವಳೂ ಸಾಲ ಪಡೆದು ಎದ್ದುಹೋಗುತ್ತಾಳೆ. ಏಳುವ ಮುಂಚೆ ನಗದನ್ನು ಎಲ್ಲರೆದುರು ಎಣಿಸಿ, ಮೊತ್ತವನ್ನು ಗಟ್ಟಿಯಾಗಿ ಓದಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು.

ಪುಸ್ತಕಗಳು ಐದು ಸಾಕು: ಹಾಜರಾತಿ ಮತ್ತು ನಡಾವಳಿ, ನಗದು ಪುಸ್ತಕ, ಉಳಿತಾಯದ ಲೆಡ್ಜರ್, ಸಾಲದ ಲೆಡ್ಜರ್, ಪ್ರತಿ ಸದಸ್ಯೆಯ ಪಾಸ್‌ಪುಸ್ತಕ. ಇವುಗಳಲ್ಲಿ ಪಾಸ್‌ಪುಸ್ತಕವೇ ಮುಖ್ಯ, ಖಾಲಿ ಉಳಿಯುವುದೂ ಅದೇ. ದುಡ್ಡು ಇಟ್ಟುಕೊಳ್ಳುವವಳು ಲೆಕ್ಕ ಬರೆಯಬಾರದು, ಬರೆಯುವವಳು ದುಡ್ಡು ಮುಟ್ಟಬಾರದು. ಬರೆಯುವವಳಿಗೆ ತಿಂಗಳಿಗಿಷ್ಟು ಎಂದು ಗೌರವಧನ ಕೊಡಿ. ಪುಕ್ಕಟೆಯಾಗಿ ಬರೆಸಿದ ಲೆಕ್ಕ ಮೂರನೇ ತಿಂಗಳಿಗೆ ನಿಲ್ಲುತ್ತದೆ.

ಬಡ್ಡಿಯ ಲೆಕ್ಕದಲ್ಲಿ ಒಂದು ಎಚ್ಚರ. 10,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ 1ರಂತೆ, ಹತ್ತು ಕಂತಿಗೆ ಕೊಟ್ಟಿರಿ ಎನ್ನಿ. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ ಮೊದಲ ತಿಂಗಳು 100, ಆಮೇಲೆ 90, 80 ಹೀಗೆ ಇಳಿದು ಒಟ್ಟು 550 ಆಗುತ್ತದೆ. ಪೂರ್ತಿ 10,000ದ ಮೇಲೇ ಪ್ರತಿ ತಿಂಗಳು ಹಾಕಿದರೆ 1,000. ಬಾಯಿಮಾತಿನ ದರ ಒಂದೇ, ತೆಗೆದುಕೊಳ್ಳುವ ಬಡ್ಡಿ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಸಂಘದ ಬಡ್ಡಿ ಸದಸ್ಯರಿಗೇ ವಾಪಸ್ ಬರುತ್ತದಲ್ಲ ಎನ್ನುವವರಿದ್ದಾರೆ. ಬರುವುದು ನಿಜ, ಆದರೆ ಹೆಚ್ಚು ಸಾಲ ಮಾಡುವವಳು ಬಡವಿ, ಕಡಿಮೆ ಮಾಡುವವಳು ಇದ್ದವಳು. ಲಾಭ ಸಮನಾಗಿ ಹಂಚಿದರೆ ಬಡವಿಯ ಬಡ್ಡಿ ಇದ್ದವಳ ಕೈ ಸೇರಿದಂತಾಯಿತು. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಎಂದು ನಿರ್ಣಯ ಮಾಡಿ.

ಬ್ಯಾಂಕಿಗೆ ಹೋಗುವಾಗ

ಉಳಿತಾಯ ಖಾತೆಯನ್ನು ಮೊದಲ ತಿಂಗಳೇ ತೆರೆಯಿರಿ. ಆಗ ಸಂಘದ ಪರವಾಗಿ ಖಾತೆ ನಡೆಸುವ ಇಬ್ಬರು ಪ್ರತಿನಿಧಿಗಳ ಕೆವೈಸಿ (ಗುರುತು, ವಿಳಾಸದ ದಾಖಲೆ) ಮಾತ್ರ ಸಾಕು, ಎಲ್ಲ ಸದಸ್ಯರದ್ದು ಕೇಳುವುದು ಸಾಲದ ಹೊತ್ತಿಗೆ. ಆರು ತಿಂಗಳು ತುಂಬಿದ ಸಂಘ ಸಾಲಕ್ಕೆ ಅರ್ಹ. ಇಲ್ಲೊಂದು ಮಾತು ನೆನಪಿಡಿ: ಈ ಆರು ತಿಂಗಳನ್ನು ಎಣಿಸುವುದು ಸಂಘದ ಲೆಕ್ಕದ ಪುಸ್ತಕದಿಂದ, ಖಾತೆ ತೆರೆದ ದಿನದಿಂದಲ್ಲ. ಖಾತೆ ತಡವಾಗಿ ತೆರೆದಿದ್ದರೆ ಮೊದಲ ಸಭೆಯ ನಡಾವಳಿಯನ್ನೇ ತೋರಿಸಿ.

ಮೊತ್ತ ಎಷ್ಟು? ಮೊದಲ ಬಾರಿಗೆ ಸಂಘದ ಸ್ವಂತ ನಿಧಿಯ ಆರರಷ್ಟು ಅಥವಾ 1.5 ಲಕ್ಷ, ಯಾವುದು ಹೆಚ್ಚೋ ಅದು. ಎರಡನೇ ಬಾರಿಗೆ ಎಂಟರಷ್ಟು ಅಥವಾ 3 ಲಕ್ಷ. ಮೂರನೆಯದಕ್ಕೆ ಕನಿಷ್ಠ 6 ಲಕ್ಷ, ಅದನ್ನು ಬ್ಯಾಂಕು ಸಂಘದ ಕಿರುಸಾಲ ಯೋಜನೆಯ (ಯಾರಿಗೆ, ಯಾವುದಕ್ಕೆ, ಎಷ್ಟು ಬೇಕು ಎಂಬ ಬರಹ) ಆಧಾರದ ಮೇಲೆ ಕೊಡುತ್ತದೆ. ನಿಧಿ ಎಂದರೆ ಉಳಿತಾಯ ಮಾತ್ರವಲ್ಲ, ಒಳಸಾಲದಿಂದ ಬಂದ ಬಡ್ಡಿ ಮತ್ತು ಸದಸ್ಯರ ನಡುವೆ ಸಾಲವಾಗಿ ತಿರುಗಲೆಂದು ಸರ್ಕಾರದಿಂದ ಬಂದ ಸುತ್ತುನಿಧಿಯೂ ಸೇರಿ. 15 ಜನ ವಾರಕ್ಕೆ 50ರಂತೆ 26 ವಾರ ಕಟ್ಟಿದರೆ ಉಳಿತಾಯ 19,500. ಅದರ ಆರರಷ್ಟು 1,17,000, ಹಾಗಾಗಿ ಕನಿಷ್ಠ ಮಿತಿಯಾದ 1.5 ಲಕ್ಷವೇ ಸಿಗಬೇಕು. ವಾರಕ್ಕೆ 100 ಕಟ್ಟಿದ್ದರೆ 39,000, ಆರರಷ್ಟು 2,34,000.

3 ಲಕ್ಷದವರೆಗೆ ಬಡ್ಡಿ ವರ್ಷಕ್ಕೆ ಶೇ 7. 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎನ್ನುವಂತಿಲ್ಲ. ಒಬ್ಬಿಬ್ಬರು ಸದಸ್ಯರೋ ಅವರ ಮನೆಯವರೋ ಅದೇ ಬ್ಯಾಂಕಿಗೆ ಬಾಕಿ ಇಟ್ಟಿದ್ದಾರೆ ಎಂಬ ಕಾರಣಕ್ಕೆ ಇಡೀ ಸಂಘಕ್ಕೆ ಇಲ್ಲ ಎನ್ನುವುದೂ ಸಾಮಾನ್ಯವಾಗಿ ಸಲ್ಲದು, ಸಂಘವೇ ಸುಸ್ತಿಯಲ್ಲಿಲ್ಲದಿದ್ದರೆ. ಆದರೆ ಬಂದ ಸಾಲದಲ್ಲಿ ಆ ಬಾಕಿದಾರಳಿಗೆ ಪಾಲು ಕೊಡುವಂತಿಲ್ಲ. ಶಾಖೆಯಲ್ಲಿ ಬೇರೆ ಮಾತು ಬಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಜಿಲ್ಲೆಯ ಅಗ್ರಣಿ ಬ್ಯಾಂಕ್ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ಬರಹದಲ್ಲಿ ಕೇಳಿದೊಡನೆ ಎಷ್ಟೋ ಕಾರಣಗಳು ಮಾಯವಾಗುತ್ತವೆ.

ಹಂಚುವ ಸಭೆ

ಸಾಲ ಬರುವ ಮೊದಲೇ ಕಿರುಸಾಲ ಯೋಜನೆ ಬರೆಯಬೇಕು. ಎಂಸಿಪಿ ಎಂದು ಎಲ್ಲ ಕಡೆ ಕರೆಯುವುದು ಇದನ್ನೇ. ಬಹಳ ಸಂಘಗಳಲ್ಲಿ ಇದನ್ನು ಬೇರೆ ಯಾರೋ ತುಂಬಿಕೊಡುತ್ತಾರೆ, ಎಲ್ಲರ ಹೆಸರಿನ ಮುಂದೆಯೂ ‘ಹೈನುಗಾರಿಕೆ’ ಎಂದೇ ಇರುತ್ತದೆ. ಹಾಗೆ ಮಾಡದೆ ಪ್ರತಿಯೊಬ್ಬಳ ಮನೆಯ ತಿಂಗಳ ಆದಾಯ, ಖರ್ಚು, ಈಗಿರುವ ಎಲ್ಲ ಕಂತುಗಳು, ಏನು ಮಾಡಬೇಕೆಂದಿದ್ದಾಳೆ, ಅದಕ್ಕೆ ಪೂರ್ತಿ ಎಷ್ಟು ಬೇಕು, ಯಾವ ತಿಂಗಳು ಬೇಕು, ಇವಿಷ್ಟನ್ನು ಕೂತು ಬರೆಯಿರಿ. ಕಂತುಗಳನ್ನು ಮುಚ್ಚಿಡುವುದು ಸಹಜ, ಮೈಕ್ರೋಫೈನಾನ್ಸ್ ಸಾಲವನ್ನಂತೂ ಗಂಡನಿಗೂ ಹೇಳಿರುವುದಿಲ್ಲ. ಒತ್ತಾಯದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ಇಂಥ ಸಾಲಗಳ ರಾಶಿಯಿಂದಲೇ. ಎಲ್ಲ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬುದು ಮೈಕ್ರೋಫೈನಾನ್ಸ್‌ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿದ ಮಿತಿ. ಸಂಘವೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಿ.

ಈಗ 1.5 ಲಕ್ಷವನ್ನು ಹೀಗೆ ಹಂಚಿ ನೋಡಿ: ಒಬ್ಬಳಿಗೆ ಹಸುವಿಗೆ 60,000, ಇನ್ನೊಬ್ಬಳಿಗೆ ಹೊಲಿಗೆ ಯಂತ್ರ ಮತ್ತು ಬಟ್ಟೆಗೆ 35,000, ತರಕಾರಿ ಗಾಡಿಗೆ 20,000, ರೊಟ್ಟಿ ಮಾಡಿ ಮಾರುವವಳಿಗೆ 20,000, ಕುರಿಮರಿಗಳಿಗೆ 15,000. ಐದೇ ಜನ. ಉಳಿದ ಹತ್ತು ಮಂದಿ ಯಾಕೆ ಒಪ್ಪಬೇಕು? ಅವರ ಸರದಿ ಯಾವ ತಿಂಗಳು ಎಂಬುದು ನಡಾವಳಿಯಲ್ಲಿ ಬರೆದಿದ್ದರೆ, ಮತ್ತು ಸಂಘದ ಸ್ವಂತ ನಿಧಿ ಅಲ್ಲಿಯವರೆಗೆ ಅವರ ಒಳಸಾಲಕ್ಕೇ ಮೀಸಲು ಎಂದಿದ್ದರೆ ಒಪ್ಪುತ್ತಾರೆ. ಬರಿಯ ಮಾತಿನ ಭರವಸೆಗೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಮೊದಲ ಐವರಲ್ಲಿ ಪ್ರತಿನಿಧಿಗಳಿಬ್ಬರೂ ಇರದಂತೆ ನೋಡಿಕೊಂಡರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಕಂತಿನ ಲೆಕ್ಕ: 24 ತಿಂಗಳಿಗೆ ಅಸಲು ತಿಂಗಳಿಗೆ 6,250, ಮೊದಲ ತಿಂಗಳ ಬಡ್ಡಿ ಶೇ 7ರಂತೆ 875, ಒಟ್ಟು 7,125. ಸದಸ್ಯರಿಂದ ಸಂಘ ನೂರಕ್ಕೆ 1 ತೆಗೆದುಕೊಂಡರೆ ಆ ತಿಂಗಳು ಬರುವ ಬಡ್ಡಿ 1,500. ಎರಡು ವರ್ಷ ಕಂತು ತಪ್ಪದಿದ್ದರೆ ಬ್ಯಾಂಕಿಗೆ ಹೋಗುವ ಬಡ್ಡಿ ಸುಮಾರು 10,900, ಸಂಘಕ್ಕೆ ಉಳಿಯುವುದು ಸುಮಾರು 7,800. ಲೆಕ್ಕ ಬರೆಯುವವಳ ಗೌರವಧನ ಇದರಿಂದಲೇ ಹುಟ್ಟುತ್ತದೆ. ಹಸು ತಂದವಳಿಗೆ ಕರು ಹಾಕುವವರೆಗೆ ಹಾಲಿಲ್ಲ, ಹಾಗಾಗಿ ಆಕೆಯ ಅಸಲಿನ ಕಂತು ಎರಡು ಮೂರು ತಿಂಗಳು ತಡವಾಗಿ ಶುರುವಾಗಲಿ. ಆ ಕೊರತೆಯನ್ನು ನಿಧಿ ತುಂಬಲಿ. ತರಕಾರಿಯವಳು ದಿನಾ ದುಡ್ಡು ಕಾಣುತ್ತಾಳೆ, ಅವಳ ಕಂತು ವಾರಕ್ಕೊಮ್ಮೆ ಇರಲಿ.

ಸಾಧ್ಯವಿದ್ದರೆ ಒಮ್ಮೆಗೇ ಪಡೆದು ಕಂತಿನಲ್ಲಿ ತೀರಿಸುವ ಅವಧಿ ಸಾಲದ ಬದಲು, ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಮಿತಿ ಕೇಳಿ. ಮೂರು ವರ್ಷಕ್ಕೆ ಕನಿಷ್ಠ 6 ಲಕ್ಷ ಮಂಜೂರಾಗಿ, ವರ್ಷವರ್ಷಕ್ಕೆ ತೆಗೆಯಬಹುದಾದ ಮಿತಿ ಮೇಲೆ ಹೇಳಿದಂತೆ ಏರುತ್ತದೆ. ತೆಗೆದಷ್ಟಕ್ಕೇ ಬಡ್ಡಿ. ಸರದಿ ಪದ್ಧತಿಗೆ ಇದು ಹೇಳಿಮಾಡಿಸಿದ್ದು, ಏಕೆಂದರೆ ಒಬ್ಬಳು ಕಟ್ಟಿದ್ದನ್ನು ಇನ್ನೊಬ್ಬಳಿಗೆ ಮತ್ತೆ ತೆಗೆಯಬಹುದು. ಷರತ್ತು: ಖಾತೆಗೆ ತಿಂಗಳಿಗೊಮ್ಮೆಯಾದರೂ ಹಣ ಕಟ್ಟಿರಬೇಕು, ಕಟ್ಟಿದ್ದು ಕನಿಷ್ಠ ಆ ತಿಂಗಳ ಬಡ್ಡಿಯಷ್ಟಿರಬೇಕು, ಮಿತಿ ಮೀರಿದ ಬಾಕಿ 30 ದಿನ ದಾಟಬಾರದು.

ಕೆಡುವುದು ಎಲ್ಲಿ

ಬೇನಾಮಿ ಸಾಲದಿಂದ ಕೆಟ್ಟ ಸಂಘಗಳೇ ಹೆಚ್ಚು. ಒಬ್ಬಳ ಹೆಸರಿನಲ್ಲಿ ಸಾಲ, ದುಡ್ಡು ಇನ್ನೊಬ್ಬಳ ಮನೆಗೆ. ತಡೆಯುವ ದಾರಿ: ಹಣ ಸದಸ್ಯೆಯ ಸ್ವಂತ ಖಾತೆಗೇ ಹೋಗಲಿ, ತಿಂಗಳೊಳಗೆ ಇಬ್ಬರು ಹೋಗಿ ಹಸುವನ್ನೋ ಯಂತ್ರವನ್ನೋ ನೋಡಿ ಬಂದು ನಡಾವಳಿಯಲ್ಲಿ ಬರೆಯಲಿ. ಹಳೆ ಸಾಲ ತೀರಿಸಲು ಹೊಸ ಸಾಲ ಕೊಡುವುದೂ ಬೇಡ, ಪುಸ್ತಕದಲ್ಲಿ ಸುಸ್ತಿ ಕಾಣದಿದ್ದರೂ ದುಡ್ಡು ಹೋಗಿರುತ್ತದೆ. ಹಬ್ಬಕ್ಕೆಂದು ನಿಧಿಯನ್ನೇ ಹಂಚಿಕೊಂಡರೆ ಆರರಷ್ಟು, ಎಂಟರಷ್ಟು ಎಂಬ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಸದಸ್ಯೆ ತೀರಿಕೊಂಡರೆ ಸಾಲ ಮಕ್ಕಳ ತಲೆಗೆ ಬೀಳಬಾರದು. ಬ್ಯಾಂಕ್ ಖಾತೆಯ ಮೂಲಕ ಸಿಗುವ ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಜೀವ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸೇರಲು ವಯಸ್ಸು 18ರಿಂದ 50. ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ, 70ರವರೆಗೆ. ಎರಡರಲ್ಲೂ ಪರಿಹಾರ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಿಂದ ಕಡಿತವಾಗುವ ಹೊತ್ತಿಗೆ ಅಷ್ಟು ದುಡ್ಡಿಲ್ಲದೆ ವಿಮೆ ತಪ್ಪಿಹೋಗುವುದು ಸಾಮಾನ್ಯ, ಆ ವಾರದ ಸಭೆಯಲ್ಲಿ ಎಲ್ಲರ ಪಾಸ್‌ಪುಸ್ತಕ ನೋಡಿ.

ಸಂಘ ಬಿಟ್ಟುಹೋಗುವವಳಿಗೆ ಕೊಡಬೇಕಾದ್ದು ಅವಳ ಉಳಿತಾಯ, ಅಲ್ಲಿಯವರೆಗಿನ ಲಾಭದಲ್ಲಿ ಅವಳ ಪಾಲು, ಅದರಿಂದ ಅವಳ ಬಾಕಿ ಸಾಲವನ್ನು ಕಳೆದು ಉಳಿದದ್ದು. ಸುತ್ತುನಿಧಿ ಸಂಘದ್ದು, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮೊತ್ತವನ್ನು ನಡಾವಳಿಯಲ್ಲಿ ಬರೆದು, ಆಕೆಯ ಎದುರೇ ಓದಿ, ಪಾಸ್‌ಪುಸ್ತಕದ ಕೊನೆಯ ಸಾಲಿಗೆ ಸಹಿ ಮಾಡಿಸಿಕೊಂಡು ಖಾತೆಗೆ ಹಾಕಿ.