ಜ್ವರವಿಲ್ಲದೆ ಬಂದ ಸೋಂಕು: ಸ್ಟೀರಾಯ್ಡ್ ಕೊಡುವಾಗಿನ ನನ್ನ ಅನುಭವ

ವೈರಲ್ ನ್ಯುಮೋನಿಯಾದಿಂದ ತೀವ್ರ ನಿಗಾ ಘಟಕಕ್ಕೆ ಬಂದ ರೋಗಿಗೆ, ಉರಿಯೂತದ ಜೊತೆಗೆ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವ ಸ್ಟೀರಾಯ್ಡ್ ಬರೆಯುವಾಗ, ಅದನ್ನು ನಿಲ್ಲಿಸಬೇಕಾದ ದಿನಾಂಕವನ್ನೂ ಕೇಸ್ ಶೀಟಿನಲ್ಲಿ ಪಕ್ಕದಲ್ಲೇ ಬರೆಯುವುದು ಈಗ ನನ್ನ ಅಭ್ಯಾಸ. ನನ್ನದೇ ಒಂದು ತಪ್ಪು ಕಲಿಸಿದ ಅಭ್ಯಾಸ ಅದು.

2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದ ಫಲಿತಾಂಶ ಹೊರಬಿದ್ದ ಮೇಲೆ, ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಅನ್ನು ಹೆಚ್ಚೆಂದರೆ 10 ದಿನ ಕೊಡುವುದು ರೂಢಿಗೆ ಬಂತು. ವೆಂಟಿಲೇಟರ್ ಮೇಲಿದ್ದವರ ಪೈಕಿ 28 ದಿನಗಳೊಳಗೆ ಸತ್ತವರು ಸ್ಟೀರಾಯ್ಡ್ ಇಲ್ಲದ ಗುಂಪಿನಲ್ಲಿ ಶೇ 41.4, ಪಡೆದ ಗುಂಪಿನಲ್ಲಿ ಶೇ 29.3. ಆಮ್ಲಜನಕವೇ ಬೇಡವಾಗಿದ್ದವರಿಗೆ ಮಾತ್ರ ಅದರಿಂದ ಲಾಭ ಕಾಣಲಿಲ್ಲ. ಔಷಧದ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ. ಅದನ್ನು ನಾನು ನೋಡಿದ ರೀತಿಯಲ್ಲಿ ದೋಷವಿತ್ತು.

ನಾನು ತಪ್ಪು ಮಾಡಿದ ಆ ಕೋವಿಡ್ ರೋಗಿಗೆ ಐವತ್ತರ ಆಸುಪಾಸಿನ ವಯಸ್ಸು. ವೆಂಟಿಲೇಟರ್ ಮೇಲೆ ಒಂಬತ್ತನೆಯ ದಿನ, ಅದುವರೆಗೆ ಶೇ 45ರಲ್ಲಿ ಸಾಕಾಗುತ್ತಿದ್ದ ಆಮ್ಲಜನಕವನ್ನು ಶೇ 70ಕ್ಕೆ ಏರಿಸಬೇಕಾಯಿತು. ಜ್ವರವಿರಲಿಲ್ಲ, ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಇಳಿಮುಖವಾಗಿತ್ತು. ವೈರಸ್ಸಿನಿಂದಾದ ಉರಿಯೂತವೇ ಮರುಕಳಿಸಿದೆ ಎಂದು ತೀರ್ಮಾನಿಸಿ ನಾನು ಸ್ಟೀರಾಯ್ಡ್ ಪ್ರಮಾಣವನ್ನು ಹೆಚ್ಚಿಸಿದೆ. ರಾತ್ರಿ ಪಾಳಿಯ ಸಿಸ್ಟರ್, "ಸರ್, ಅರ್ಧ ಗಂಟೆಗೊಮ್ಮೆ ಸಕ್ಷನ್ ಮಾಡಬೇಕಾಗ್ತಿದೆ, ಕಫ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದೆ" ಎಂದು ಹೇಳಿದ್ದರು; ಸಕ್ಷನ್ ಎಂದರೆ ಟ್ಯೂಬಿನ ಮೂಲಕ ಕಫ ಹೀರಿ ತೆಗೆಯುವುದು. ಆ ಮಾತಿಗೆ ಸಲ್ಲಬೇಕಾದ ಬೆಲೆಯನ್ನು ನಾನು ಕೊಡಲಿಲ್ಲ. ಸ್ಟೀರಾಯ್ಡ್ ಜ್ವರವನ್ನೂ ಸಿಆರ್‌ಪಿಯನ್ನೂ ತಗ್ಗಿಸುತ್ತದೆ ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಆ ಎರಡನ್ನೇ ನಂಬಿಕೊಂಡಿದ್ದೆ.

ಎರಡು ದಿನ ಕಳೆದು ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿದಾಗ ಶ್ವಾಸನಾಳದ ಒಳಗೋಡೆಗೆ ಬಿಳಿಯ ಪದರಗಳು ಅಂಟಿಕೊಂಡಿದ್ದವು, ಸ್ಕೋಪ್ ತಾಗಿದ ಕಡೆ ರಕ್ತ ಜಿನುಗುತ್ತಿತ್ತು. ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ, ಶಿಲೀಂಧ್ರದ ಸುಳಿವು ಕೊಡುವ ಗ್ಯಾಲಕ್ಟೋಮ್ಯಾನನ್ ಹೆಚ್ಚಿತ್ತು, ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆಯಿತು. ಶಿಲೀಂಧ್ರದ ವಿರುದ್ಧದ ಔಷಧವಾದ ವೊರಿಕೊನಜೋಲ್ ಆರಂಭಿಸಿದೆವು: ಮೊದಲ ದಿನ ದೇಹತೂಕದ ಕಿಲೋಗೆ 6 ಮಿಲಿಗ್ರಾಂನಂತೆ ಎರಡು ಬಾರಿ, ನಂತರ 4 ಮಿಲಿಗ್ರಾಂನಂತೆ. ಈ ಔಷಧದ ಮಟ್ಟ ರಕ್ತದಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದರಿಂದ ಅದನ್ನು ಅಳೆದು ನೋಡುವುದು, ಜೊತೆಗೆ ಯಕೃತ್ತಿನ ಪರೀಕ್ಷೆ ಮತ್ತು ಇಸಿಜಿಯಲ್ಲಿ, ಉದ್ದವಾದರೆ ಹೃದಯದ ಲಯ ತಪ್ಪುವ ಅಪಾಯ ಸೂಚಿಸುವ ಕ್ಯೂಟಿ ಅಂತರದ ಮೇಲೆ ಕಣ್ಣಿಡುವುದು ಅನಿವಾರ್ಯ. ಸ್ಟೀರಾಯ್ಡ್ ಅನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು. ಆ ರೋಗಿ ಉಳಿದರು. ಆದರೆ ವೆಂಟಿಲೇಟರ್‌ನಿಂದ ಹೊರಬರಲು ಇನ್ನೂ ಮೂರು ವಾರ ಹಿಡಿಯಿತು.

ಹಾಗೆಂದು ಕಫದಲ್ಲಿ ಬೆಳೆದದ್ದಕ್ಕೆಲ್ಲ ಔಷಧ ಕೊಡುವುದೂ ಸರಿಯಲ್ಲ. ಟ್ಯೂಬಿನಿಂದ ತೆಗೆದ ಕಫದಲ್ಲಿ, ಬಾಯಲ್ಲಿ ಸಾಮಾನ್ಯವಾಗಿ ಇರುವ ಶಿಲೀಂಧ್ರವಾದ ಕ್ಯಾಂಡಿಡಾ ಮಾತ್ರ ಬಂದರೆ ನಾನು ಸಾಮಾನ್ಯವಾಗಿ ಸುಮ್ಮನಿರುತ್ತೇನೆ. ಎಕ್ಸ್‌ರೇಯಲ್ಲಿ ಹೊಸ ನೆರಳು, ಕಫದ ಬಣ್ಣ ಮತ್ತು ಪ್ರಮಾಣದಲ್ಲಿ ಬದಲಾವಣೆ, ಆಮ್ಲಜನಕದ ಅಗತ್ಯದಲ್ಲಿ ಏರಿಕೆ, ಇವು ಒಟ್ಟಿಗೆ ಕಂಡಾಗ ಮೊದಲು ಮಾದರಿ ತೆಗೆದು, ಕಲ್ಚರ್‌ಗೆ ಕಳುಹಿಸಿ, ಆನಂತರವೇ ಆಂಟಿಬಯೋಟಿಕ್ ಹಾಕುತ್ತೇನೆ. ಫಲಿತಾಂಶ ಬಂದ ದಿನವೇ ಅದನ್ನು ಆ ರೋಗಾಣುವಿಗಷ್ಟೇ ತಾಗುವ ಔಷಧಕ್ಕೆ ಬದಲಿಸುತ್ತೇನೆ ಅಥವಾ ನಿಲ್ಲಿಸುತ್ತೇನೆ. ಸ್ಟೀರಾಯ್ಡ್‌ನಿಂದ ಏರುವ ರಕ್ತದ ಸಕ್ಕರೆಯನ್ನು ಇನ್ಸುಲಿನ್ ಮೂಲಕ ಡೆಸಿಲೀಟರ್‌ಗೆ 140ರಿಂದ 180 ಮಿಲಿಗ್ರಾಂನೊಳಗೆ ಇರಿಸುತ್ತೇವೆ. ಇನ್‌ಫ್ಲುಯೆಂಜಾ ನ್ಯುಮೋನಿಯಾಗೆ, ಆಸ್ತಮಾ ಅಥವಾ ಔಷಧಕ್ಕೂ ಬಗ್ಗದ ಶಾಕ್ (ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿದ ಸ್ಥಿತಿ) ಇಂತಹ ಬೇರೆ ಕಾರಣವಿಲ್ಲದಿದ್ದರೆ, ನಾನು ಸ್ಟೀರಾಯ್ಡ್ ಬರೆಯುವುದಿಲ್ಲ. ಕೋವಿಡ್‌ನ ಲೆಕ್ಕವನ್ನು ಅಲ್ಲಿಗೆ ಎಳೆದು ತರಲಾಗದು.

ಬೆಳಗಿನ ರೌಂಡ್ಸ್‌ನಲ್ಲಿ ನಾನು ಈಗ ಮೊದಲು ಕೇಳುವುದು ರಾತ್ರಿ ಎಷ್ಟು ಬಾರಿ ಸಕ್ಷನ್ ಮಾಡಬೇಕಾಯಿತು, ಕಫ ಯಾವ ಬಣ್ಣದ್ದಿತ್ತು ಎಂದು. ಜ್ವರದ ಚಾರ್ಟ್ ನೋಡುವುದು ಆಮೇಲೆ.